ಕೀಲಿಕೈಯನ್ನು ತಂದವರು ಯಾರು?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸರ್ವರು, ಸಾಫ್ಟ್‌ವೇರು ಎಂದು ಬರೆಯಹೊರಟರೆ ವಾಚಕರು ಪುಟ ತಿರುವಿ ಮುಂದಿನ ಪದ್ಯಕ್ಕೆ ಹೋಗಿಬಿಡುವರೆಂಬುದನ್ನು ನಾನು ಬಲ್ಲೆ. ಆ ವಿಚಾರಗಳಿಗೆ ವಿಜ್ಞಾನದವರಿದ್ದಾರೆ, ನಮಗೇಕೆ ಆ ಉಸಾಬರಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿಯೇ ಇದೆ. ಆದರೆ ನಾನು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಯಂತ್ರಕ್ಕೆ ಸೇರಿದ್ದಕ್ಕಿಂತ ಹೆಚ್ಚಾಗಿ ನಮಗೇ ಸೇರಿದ್ದು. ಕಣ್ಣಿಗೆ ಕಾಣದ ಒಬ್ಬನು ಕಳುಹಿಸಿದ ವಸ್ತುವನ್ನು ನಾವು ಯಾವ ಆಧಾರದ ಮೇಲೆ ಅವನದೇ ಎಂದು ನಂಬಬೇಕು? ಚರಿತ್ರೆಯ ತರಗತಿಯಲ್ಲಿ ತಾಮ್ರಶಾಸನಗಳ ಮುಂದೆ, ತರ್ಕಶಾಸ್ತ್ರದ ತರಗತಿಯಲ್ಲಿ ಶಬ್ದಪ್ರಮಾಣದ ಮುಂದೆ ನಾವು ಕೇಳುವ ಪ್ರಶ್ನೆಯೇ ಇದು. ಈ ವರ್ಷ ಅದು ನಮ್ಮ ಗ್ರಂಥಾಲಯದ ಮೂಲೆಯಲ್ಲಿ, ಸರ್ವರು ಎಂದು ಕರೆಯಲ್ಪಡುವ ಒಂದು ಕಪ್ಪು ಪೆಟ್ಟಿಗೆಯ ಮುಂದೆ ಎದ್ದಿತು. ಅದನ್ನು ಅಲ್ಲಿಗೇ ಬಿಟ್ಟುಬಿಡಬಾರದೆಂದು ತೋರಿದುದರಿಂದ ಬರೆಯುತ್ತಿದ್ದೇನೆ.

ಮೊದಲು ವಿಷಯವನ್ನು ತಿಳಿಯಾಗಿ ಹೇಳಿಬಿಡುತ್ತೇನೆ. ಸರ್ವರಿನ ಮೇಲೆ ಸಾಫ್ಟ್‌ವೇರನ್ನು ಹಾಕುವುದೆಂದರೆ ಈಗ ತಟ್ಟೆ ಡಿಸ್ಕು ತಂದು ತೂರಿಸುವುದಲ್ಲ. ಡೆಬಿಯನ್, ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಸಾಫ್ಟ್‌ವೇರು ಪ್ಯಾಕೇಜು ಎಂಬ ಗಂಟುಗಳಾಗಿ ಅಂತರಜಾಲದ ಉಗ್ರಾಣಗಳಲ್ಲಿ ಇರುತ್ತದೆ. ಒಂದು ಆಜ್ಞೆ ಕೊಟ್ಟರೆ ನಮ್ಮ ಯಂತ್ರವು ಉಗ್ರಾಣಕ್ಕೆ ಹೋಗಿ ಗಂಟನ್ನು ತಂದು ಬಿಚ್ಚಿ ತಕ್ಕ ತಕ್ಕ ಸ್ಥಳಗಳಲ್ಲಿ ಇಡುತ್ತದೆ. ಬಿಚ್ಚುವಾಗ ಗಂಟಿನೊಳಗಿನ ಆಜ್ಞೆಗಳು ಯಂತ್ರದ ಯಜಮಾನನ ಸಂಪೂರ್ಣ ಅಧಿಕಾರದಿಂದಲೇ ನಡೆಯುತ್ತವೆ. ಆದಕಾರಣ ದಾರಿಯಲ್ಲಿ ಯಾರಾದರೂ ಗಂಟನ್ನು ಬದಲಾಯಿಸಿದರೆ, ಮನೆಯೊಳಗೆ ಬಂದವನು ಅತಿಥಿಯಾಗಿ ಬರುವುದಿಲ್ಲ, ಯಜಮಾನನಾಗಿಯೇ ಬರುತ್ತಾನೆ.

ಇದನ್ನು ತಡೆಯುವ ಏರ್ಪಾಡು ಬಹು ಜಾಣತನದ್ದು. ಉಗ್ರಾಣದವರು ಪ್ರತಿಯೊಂದು ಗಂಟಿಗೂ ಸಹಿ ಹಾಕುತ್ತ ಕೂರುವುದಿಲ್ಲ. ಪ್ರತಿ ಗಂಟಿನ ಲೆಕ್ಕದ ಅಚ್ಚನ್ನು, ಅಂದರೆ ಒಳಗಿನ ಒಂದು ಅಕ್ಷರ ಬದಲಾದರೂ ಪೂರ್ತಿ ಬದಲಾಗುವ ಒಂದು ಉದ್ದದ ಸಂಖ್ಯೆಯನ್ನು, ಒಂದು ಪಟ್ಟಿಯಲ್ಲಿ ಬರೆಯುತ್ತಾರೆ. ಆ ಪಟ್ಟಿಗಳ ಅಚ್ಚುಗಳನ್ನು ‘ರಿಲೀಸ್’ ಎಂಬ ಒಂದೇ ಕಡತದಲ್ಲಿ ಬರೆಯುತ್ತಾರೆ. ಸಹಿ ಬೀಳುವುದು ಆ ಒಂದು ಕಡತಕ್ಕೆ ಮಾತ್ರ. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ತಾಮ್ರಶಾಸನದ ಹಲಗೆಗಳನ್ನೆಲ್ಲ ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ಮುದ್ರೆಯಲ್ಲಿ ಬೆಸೆಯುತ್ತಿದ್ದರು. ಬಾದಾಮಿಯ ಚಾಲುಕ್ಯರ ಮುದ್ರೆಯಲ್ಲಿ ವರಾಹ, ಗಂಗರ ಮುದ್ರೆಯಲ್ಲಿ ಆನೆ. ಮುದ್ರೆ ಒಡೆಯದೆ ನಡುವೆ ಒಂದು ಹಲಗೆಯನ್ನು ಸೇರಿಸಲಾಗದು. ಡೆಬಿಯನ್ನಿನಲ್ಲಿ ಈ ಪರೀಕ್ಷೆಯು ತಾನಾಗಿಯೇ ನಡೆಯುವ ಏರ್ಪಾಡು 2007ರಲ್ಲಿ ಬಿಡುಗಡೆಯಾದ 4.0 ಆವೃತ್ತಿಯಿಂದ ಬಂದಿತು. ಇದರ ಸೊಗಸೇನೆಂದರೆ, ಗಂಟು ಯಾರ ಕೈಯಿಂದ ಬಂದರೂ ಚಿಂತೆಯಿಲ್ಲ. ಅಪರಿಚಿತರು ನಡೆಸುವ ಪ್ರತಿ-ಉಗ್ರಾಣದಿಂದ ತಂದರೂ ಸರಿಯೆ. ಸಹಿ ಸರಿಯಿದ್ದರೆ ಮಾಲು ಸರಿಯಾದವರದೇ.

ಸಹಿ ಸರಿಯಿದೆಯೆಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಇಲ್ಲಿ ‘ಕೀಲಿಕೈ’ ಎಂಬ ಮಾತು ಬರುತ್ತದೆ. ಮಾತು ಸ್ವಲ್ಪ ದಾರಿ ತಪ್ಪಿಸುವಂಥದು; ಇದು ಬೀಗ ತೆರೆಯುವ ಕೈಯಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ನಮ್ಮಿಂದ ಮಾದರಿ ಸಹಿಯನ್ನು ಬರೆಸಿಕೊಳ್ಳುತ್ತಾರಲ್ಲ, ಅದೇ ಇದು. ಚೆಕ್ಕು ಬಂದಾಗ ಗುಮಾಸ್ತರು ಮಾದರಿಯ ಜೊತೆ ಹೋಲಿಸಿ ನೋಡುತ್ತಾರೆ. ಒಂದೇ ವ್ಯತ್ಯಾಸವೆಂದರೆ, ಕಾಗದದ ಮಾದರಿಯನ್ನು ನೋಡಿ ಖೋಟಾ ಸಹಿ ಹಾಕಬಹುದು. ಇಲ್ಲಿ ಸಹಿ ಹಾಕುವ ಗುಪ್ತ ಕೀಲಿಕೈಯೇ ಬೇರೆ, ಪರೀಕ್ಷಿಸುವ ಬಹಿರಂಗ ಕೀಲಿಕೈಯೇ ಬೇರೆ, ಎರಡನೆಯದರಿಂದ ಮೊದಲನೆಯದನ್ನು ಕಂಡುಹಿಡಿಯುವುದು ಸಾಧ್ಯವಿಲ್ಲದಷ್ಟು ಕಷ್ಟ. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಇಬ್ಬರು ಈ ಮಾರ್ಗವನ್ನು ಪ್ರಕಟಪಡಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಆಡಲ್ಮನ್ ಎಂಬ ಮೂವರು ಅದಕ್ಕೆ ಕಾರ್ಯರೂಪ ಕೊಟ್ಟರು. 1991ರಲ್ಲಿ ಫಿಲ್ ಜಿಮ್ಮರ್ಮನ್ ಎಂಬವರು ಪಿ.ಜಿ.ಪಿ. ಎಂಬ ಹೆಸರಿನಿಂದ ಅದನ್ನು ಸಾಮಾನ್ಯರ ಕೈಗೆ ತಲುಪಿಸಿದರು. ಗಣಿತ ಇಲ್ಲಿಗೆ ಸಾಕು. ಅದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ, ಸಂದೇಹಪಡುವ ಯೋಗ್ಯತೆಯೂ ಇಲ್ಲ.

ನನ್ನ ಸಂದೇಹ ಇರುವುದು ಮಾದರಿ ಸಹಿಯ ಕಾಗದವು ಬ್ಯಾಂಕಿಗೆ ಬರುವ ದಾರಿಯಲ್ಲಿ. ಡೆಬಿಯನ್ನಿನ ಸ್ವಂತ ಉಗ್ರಾಣದ ಕೀಲಿಕೈಗಳು ವ್ಯವಸ್ಥೆಯ ಜೊತೆಯಲ್ಲೇ ಬರುತ್ತವೆ. ಆದರೆ ಬಹುಮಟ್ಟಿಗೆ ಎಲ್ಲ ಸರ್ವರುಗಳಿಗೂ ಹೊರಗಿನವರ ಉಗ್ರಾಣದಿಂದ ಏನಾದರೊಂದು ಬೇಕಾಗಿಯೇ ಆಗುತ್ತದೆ. ಒಬ್ಬರಿಗೆ ಹೊಸ ಡೇಟಾಬೇಸು, ಇನ್ನೊಬ್ಬರಿಗೆ ಜಾಲತಾಣ ನಡೆಸುವ ಸಾಧನ. ಆ ಹೊರಗಿನವರು ತಮ್ಮ ಪುಟದಲ್ಲಿ ಎರಡು ಸಾಲು ಬರೆದಿರುತ್ತಾರೆ. ಮೊದಲ ಸಾಲು: ನಮ್ಮ ಕೀಲಿಕೈಯನ್ನು ಇಲ್ಲಿಂದ ತಂದು ಹೀಗೆ ಇಟ್ಟುಕೊಳ್ಳಿ. ಎರಡನೆಯ ಸಾಲು: ನಮ್ಮ ಉಗ್ರಾಣದ ವಿಳಾಸವನ್ನು ಹೀಗೆ ಸೇರಿಸಿರಿ. ನಾವು ಎರಡನ್ನೂ ನಕಲು ಮಾಡಿ ಅಂಟಿಸುತ್ತೇವೆ. ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಈಗ ವಾಚಕರು ದಯವಿಟ್ಟು ಬ್ಯಾಂಕಿಗೆ ಹಿಂದಿರುಗಿ ಆಲೋಚಿಸಬೇಕು. ಒಬ್ಬ ಅಪರಿಚಿತನು ಒಂದು ಕೈಯಲ್ಲಿ ಚೆಕ್ಕನ್ನೂ ಇನ್ನೊಂದು ಕೈಯಲ್ಲಿ ಮಾದರಿ ಸಹಿಯ ಕಾಗದವನ್ನೂ ಹಿಡಿದುಕೊಂಡು ಬಂದು, “ಸ್ವಾಮಿ, ಎರಡನ್ನೂ ಹೋಲಿಸಿ ನೋಡಿ, ಸರಿಯಾಗಿದೆ” ಎಂದರೆ ಗುಮಾಸ್ತರು ಹಣ ಎಣಿಸಿಕೊಡುತ್ತಾರೆಯೆ? ಸರ್ವರಿನ ಮುಂದೆ ನಾವೆಲ್ಲರೂ ಎಣಿಸಿಕೊಡುತ್ತಿದ್ದೇವೆ.

“ಹಾಗಲ್ಲ, ಆ ಪುಟವು ಬರುವುದು ಬೀಗಮುದ್ರೆಯುಳ್ಳ ಎಚ್‌ಟಿಟಿಪಿಎಸ್ ದಾರಿಯಲ್ಲಿ, ನಡುವೆ ಯಾರೂ ಕೈಹಾಕಲಾರರು” ಎಂಬ ಉತ್ತರವು ಕೂಡಲೇ ಬರುತ್ತದೆ. ಈ ಉತ್ತರ ಹುರುಳಿಲ್ಲದ್ದಲ್ಲ. ದಾರಿ ಭದ್ರವಾಗಿದ್ದರೆ ಅರ್ಧ ಭಯ ಹೋಯಿತು. ಆದರೆ ಆ ಭದ್ರತೆಗೆ ಹೊಣೆ ನಿಲ್ಲುವವರು ಪ್ರಮಾಣಪತ್ರ ಕೊಡುವ ಸಂಸ್ಥೆಗಳು. ನೆದರ್ಲೆಂಡ್ಸಿನ ಡಿಜಿನೋಟರ್ ಎಂಬ ಅಂಥದೊಂದು ಸಂಸ್ಥೆಗೆ 2011ರಲ್ಲಿ ಕಳ್ಳರು ನುಗ್ಗಿ 500ಕ್ಕೂ ಮಿಕ್ಕಿ ಖೋಟಾ ಪ್ರಮಾಣಪತ್ರಗಳನ್ನು ಮಾಡಿಕೊಂಡರು. ಅವುಗಳಲ್ಲಿ ಗೂಗಲ್ಲಿನ ಹೆಸರಿನದೂ ಒಂದಿತ್ತು, ಇರಾನಿನ ಜನರ ಮೇಲೆ ಅದು ಪ್ರಯೋಗವಾಯಿತು. ಅದೇ ವರ್ಷ ಆ ಸಂಸ್ಥೆ ದಿವಾಳಿಯಾಯಿತು. ಇನ್ನು ದಾರಿ ಭದ್ರವಾಗಿದ್ದು ಮನೆಗೇ ಕನ್ನ ಬಿದ್ದರೆ? 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯ ಜಾಲತಾಣಕ್ಕೇ ನುಗ್ಗಿದವರು ಅಲ್ಲಿನ ಕೊಂಡಿಯನ್ನು ತಿರುಗಿಸಿ, ಹಿಂಬಾಗಿಲಿಟ್ಟ ಪ್ರತಿಯನ್ನು ಜನರಿಗೆ ಹಂಚಿದರು. ಹೀಗೆ ಮನೆಯೊಳಗೇ ನಿಂತವನಿಗೆ ಪುಟದಲ್ಲಿರುವ ಕೀಲಿಕೈಯನ್ನು ಬದಲಾಯಿಸುವುದು ಎಷ್ಟರ ಕೆಲಸ?

ಹಾಗಾದರೆ ಸಹಿಯೇ ನಿರರ್ಥಕವೆ ಎಂದು ಕೇಳಬಹುದು. ಅಲ್ಲ. ಮೊದಲ ದಿನ ಸರಿಯಾದ ಕೀಲಿಕೈ ಬಂದಿತೆಂದರೆ, ಮುಂದೆ ಐದು ವರ್ಷ ಆ ಉಗ್ರಾಣಕ್ಕೆ ಯಾರು ನುಗ್ಗಿದರೂ, ಗುಪ್ತ ಕೀಲಿಕೈ ಅವರಿಗೆ ಸಿಕ್ಕದಿರುವವರೆಗೆ, ನಮ್ಮ ಯಂತ್ರವು ಅವರ ಮಾಲನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಇದು ಸಣ್ಣ ಲಾಭವಲ್ಲ. ನಾನು ಹೇಳುವುದು ಇಷ್ಟೆ: ಐದು ವರ್ಷದ ಭಾರವೆಲ್ಲ ಆ ಮೊದಲ ಎರಡು ಸೆಕೆಂಡುಗಳ ಮೇಲೆ ಬಿದ್ದಿದೆ, ಮನುಷ್ಯನ ವಿವೇಕಕ್ಕೆ ಕೆಲಸವಿರುವುದೂ ಆಗ ಮಾತ್ರ. ಅಂಥ ಕ್ಷಣವನ್ನೇ ನಾವು ನಕಲು ಮಾಡುವ ಬೆರಳಿಗೆ ವಹಿಸಿಬಿಟ್ಟಿದ್ದೇವೆ.

ಹಿಂದಿನವರು ಈ ತೊಡಕನ್ನು ಕಾಣದವರಲ್ಲ. ಪಿ.ಜಿ.ಪಿ.ಯ ಕಾಲದವರ ಪರಿಹಾರವು ನಮ್ಮ ಹಳ್ಳಿಯ ಸಂಬಂಧ ಕುದುರಿಸುವವರ ಪರಿಹಾರದಂತೆಯೇ ಇತ್ತು. ಗಂಡಿನ ಕಡೆಯವರನ್ನು ನೀವು ಬಲ್ಲಿರಾ? ನಾನು ಬಲ್ಲೆನಿಲ್ಲ, ಆದರೆ ನಮ್ಮ ಷಡ್ಡಕರು ಬಲ್ಲರು. ಹೀಗೆ ಒಬ್ಬರು ಇನ್ನೊಬ್ಬರ ಕೀಲಿಕೈಗೆ ತಮ್ಮ ಸಹಿ ಹಾಕಿ ನಂಬಿಕೆಯ ಬಲೆ ನೇಯಬೇಕೆಂಬುದು ಅವರ ಅಭಿಪ್ರಾಯ. ಜನ ಒಂದೆಡೆ ಕಲೆತು, ಗುರುತಿನ ಚೀಟಿ ತೋರಿಸಿ, ಕೀಲಿಕೈಯ ಬೆರಳಚ್ಚನ್ನು ಗಟ್ಟಿಯಾಗಿ ಓದಿ ಸಹಿ ಮಾಡುವ ಕೂಟಗಳೇ ನಡೆಯುತ್ತಿದ್ದವು. ಡೆಬಿಯನ್ನಿನ ಕಾರ್ಯಕರ್ತರಲ್ಲಿ ಈ ಸಂಪ್ರದಾಯ ಇಂದಿಗೂ ಉಳಿದಿದೆ. ಅವರ ವಾರ್ಷಿಕ ಸಮ್ಮೇಳನವು 2023ರ ಸೆಪ್ಟೆಂಬರಿನಲ್ಲಿ ನೆರೆಯ ಕೊಚ್ಚಿಯಲ್ಲಿಯೇ ಜರುಗಿದ್ದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಆದರೆ ಬಲೆಯ ಹೊರಗಿನ ಲೋಕಕ್ಕೆ ಇದು ಸಾಗಲಿಲ್ಲ. ಸಾಮಾನ್ಯರು ಕೀಲಿಕೈಯ ಎಂಟು ಅಕ್ಷರದ ಕಿರುಗುರುತನ್ನು ಹಿಡಿದು, ಊರಿಗೆಲ್ಲ ತೆರೆದಿರುವ ಕೀಲಿಕೈ ಭಂಡಾರಗಳಿಂದ ತರುತ್ತಿದ್ದರು. ಆ ಭಂಡಾರಕ್ಕೆ ಯಾರು ಯಾರ ಹೆಸರಿನಲ್ಲಿ ಏನನ್ನು ಬೇಕಾದರೂ ಹಾಕಬಹುದಾಗಿತ್ತು. ಹಾಕಿದ್ದನ್ನು ಅಳಿಸಲು ಮಾತ್ರ ಬರುತ್ತಿರಲಿಲ್ಲ. ಎಂಟು ಅಕ್ಷರದ ಗುರುತಾದರೆ ಸುಮಾರು 429 ಕೋಟಿ ಬಗೆ. ಕೇಳುವುದಕ್ಕೆ ದೊಡ್ಡದು, ಯಂತ್ರಕ್ಕೆ ತುತ್ತು. ಬೇಕೆಂದ ಕಿರುಗುರುತೇ ಬರುವಂತೆ ಇನ್ನೊಂದು ಕೀಲಿಕೈಯನ್ನು ಕೆಲವೇ ಸೆಕೆಂಡುಗಳಲ್ಲಿ ಹುಟ್ಟಿಸಬಹುದೆಂದು 2014ರಲ್ಲಿ ಇಬ್ಬರು ಮಾಡಿಯೇ ತೋರಿಸಿದರು. 2016ರಲ್ಲಿ ಲಿನಕ್ಸಿನ ಜನಕ ಲಿನುಸ್ ಟೊರ್ವಾಲ್ಡ್ಸ್ ಅವರ ಹೆಸರಿನ ಅಂಥ ಜೋಡಿ ಕೀಲಿಕೈಯು ಭಂಡಾರದಲ್ಲಿ ಕಾಣಿಸಿಕೊಂಡಿತು. 2019ರಲ್ಲಿ ದುರುಳರು ಆ ಬಳಗದ ಇಬ್ಬರು ಪ್ರಸಿದ್ಧರ ಕೀಲಿಕೈಗಳ ಮೇಲೆ ಸಾವಿರಾರು ಕಸದ ಸಹಿಗಳನ್ನು ಸುರಿದು, ಅವನ್ನು ತಂದುಕೊಂಡವರ ಸಾಧನಗಳೇ ಸ್ತಬ್ಧವಾಗುವಂತೆ ಮಾಡಿದರು. 2021ರಲ್ಲಿ ಆ ಹಳೆಯ ಭಂಡಾರಗಳ ಮುಖ್ಯ ಕೂಟವು ಮುಚ್ಚಿಹೋಯಿತು. ಷಡ್ಡಕರೂ ಹೋದರು, ಭಂಡಾರವೂ ಹೋಯಿತು. ಉಳಿದದ್ದು ಮಾರುವವನ ಪುಟ ಒಂದೇ.

ಇದರ ಜೊತೆಗೆ ಇನ್ನೊಂದು ಅವ್ಯವಸ್ಥೆ ಬಹಳ ಕಾಲ ನಡೆಯಿತು. ತಂದ ಕೀಲಿಕೈಗಳನ್ನು ‘ಆಪ್ಟ್-ಕೀ’ ಎಂಬ ಆಜ್ಞೆಯಿಂದ ಒಂದೇ ಗೊಂಚಲಿಗೆ ಸೇರಿಸುತ್ತಿದ್ದರು. ಗೊಂಚಲಿನಲ್ಲಿರುವ ಯಾವ ಕೀಲಿಕೈಯಾದರೂ ಯಾವ ಉಗ್ರಾಣಕ್ಕಾದರೂ ಸಲ್ಲುತ್ತಿತ್ತು. ಅಂದರೆ ಚಿತ್ರ ನೋಡುವ ಒಂದು ಚಿಲ್ಲರೆ ಸಾಧನಕ್ಕಾಗಿ ತಂದ ಕೀಲಿಕೈಯ ಒಡೆಯನು, ಮನಸ್ಸು ಮಾಡಿದರೆ, ವ್ಯವಸ್ಥೆಯ ಹೃದಯವೇ ಆದ ಪ್ಯಾಕೇಜಿಗೂ ಸಹಿ ಹಾಕಬಹುದಾಗಿತ್ತು. ಹಾಲಿನವನಿಗೆ ಕೊಟ್ಟ ಕೈಯಿಂದ ತಿಜೋರಿಯೂ ತೆರೆದಂತೆ! ಈಗ ಪ್ರತಿ ಉಗ್ರಾಣದ ಕೀಲಿಕೈಯನ್ನೂ ಬೇರೆ ಬೇರೆಯಾಗಿ ಇಟ್ಟು, ಈ ಉಗ್ರಾಣಕ್ಕೆ ಇದೇ ಕೀಲಿಕೈ ಎಂದು ‘ಸೈನ್ಡ್-ಬೈ’ ಎಂಬ ಮಾತಿನಿಂದ ನಮೂದಿಸಬೇಕು. ಹಳೆಯ ಆಜ್ಞೆಯನ್ನು ತ್ಯಜಿಸಬೇಕೆಂದು ವರ್ಷಗಟ್ಟಲೆ ಎಚ್ಚರಿಸಿ, 2025ರಲ್ಲಿ ಬಂದ ಡೆಬಿಯನ್ 13ರಿಂದ ತೆಗೆದೇ ಹಾಕಿದ್ದಾರೆ. ಒಳ್ಳೆಯದಾಯಿತು. ಆದರೂ ಅಂತರಜಾಲದಲ್ಲಿ ಯಾರು ಯಾರೋ ಬರೆದಿಟ್ಟ ಹಳೆಯ ಸೂಚನೆಗಳು ಅಳಿದಿಲ್ಲ. ಆಜ್ಞೆ ನಡೆಯದಿದ್ದರೆ ಜನರು ಅದಕ್ಕಿಂತ ಕೆಟ್ಟದ್ದನ್ನು ಹುಡುಕುತ್ತಾರೆ.

ಆ ಕೆಟ್ಟದ್ದು ಏನೆಂಬುದನ್ನು ನಮ್ಮ ಗ್ರಂಥಾಲಯದಲ್ಲಿಯೇ ಕಂಡೆ. ಈ ವರ್ಷ ಕಾರ್ಡು ಪೆಟ್ಟಿಗೆಗಳಿಗೆ ಬದಲು ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರನ್ನು ಹಾಕಬೇಕೆಂದು ತೀರ್ಮಾನವಾಯಿತು. ಇದು ನ್ಯೂಜಿಲೆಂಡಿನ ಹೋರೊಫೆನುವಾ ಎಂಬ ಪ್ರಾಂತದ ಗ್ರಂಥಾಲಯಗಳಿಗಾಗಿ ಹುಟ್ಟಿ, 2000ದ ಜನವರಿಯಿಂದ ಬಳಕೆಗೆ ಬಂದದ್ದು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕೊಡುಗೆ, ಕೊಟ್ಟು ತೆಗೆದುಕೊಳ್ಳುವ ಬಾಂಧವ್ಯದ ಕೊಡುಗೆ. ಹಣ ಕೊಡಬೇಕಾದ್ದಿಲ್ಲ. ಅದಕ್ಕೆ ಅದರದೇ ಡೆಬಿಯನ್ ಉಗ್ರಾಣವಿದೆ, ಉಗ್ರಾಣಕ್ಕೆ ಕೀಲಿಕೈಯಿದೆ. ನಮ್ಮ ಗ್ರಂಥಪಾಲಕರಿಗೆ ಸಹಾಯಕ್ಕೆಂದು ನಾವು ಮೂವರು ವಿದ್ಯಾರ್ಥಿಗಳು ಕುಳಿತಿದ್ದೆವು. ಯಾರೋ ಬೇರೆ ಕಡೆ ಕೆಲಸ ಮುಗಿಸಿದವರು ಬರೆದುಕೊಟ್ಟ ಸೂಚನೆಯ ಹಾಳೆಯೊಂದು ನಮ್ಮ ಮುಂದಿತ್ತು. ಅದರಲ್ಲಿ ಕೀಲಿಕೈಯ ಸಾಲೇ ಇರಲಿಲ್ಲ! ಅದರ ಬದಲು ಉಗ್ರಾಣದ ವಿಳಾಸದ ಮಗ್ಗುಲಲ್ಲಿ ‘ಟ್ರಸ್ಟೆಡ್ = ಯೆಸ್’ ಎಂದಿತ್ತು. ಅಂದರೆ ಸಹಿಯನ್ನು ನೋಡಲೇಬೇಡ, ಬಂದದ್ದೆಲ್ಲ ಸರಿ ಎಂದು ಯಂತ್ರಕ್ಕೆ ಅಪ್ಪಣೆ. ಕೆಳಗೆ “ಇದನ್ನು ಹಾಕಿದರೆ ತೊಂದರೆ ಬರುವುದಿಲ್ಲ” ಎಂಬ ಒಕ್ಕಣೆ ಬೇರೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟರೆ ಬೀಗ ಒಡೆಯುವ ತೊಂದರೆ ಇಲ್ಲವೆಂಬುದು ನಿಜವೇ.

ಗ್ರಂಥಪಾಲಕರು ಮೂವತ್ತು ವರ್ಷ ಪುಸ್ತಕದ ಲೆಕ್ಕ ಇಟ್ಟವರು. ಕಂಪ್ಯೂಟರಿನ ವಿಚಾರ ಹೆಚ್ಚು ಬಲ್ಲವರಲ್ಲ. ನಾವು ಹಾಳೆಯನ್ನು ಬದಿಗಿಟ್ಟು ಕೋಹಾದವರ ಪುಟದಲ್ಲಿ ಹೇಳಿದಂತೆ ಕೀಲಿಕೈಯನ್ನು ತಂದಾಗ ಅವರು ಕನ್ನಡಕ ಸರಿಪಡಿಸಿಕೊಂಡು, “ಅಲ್ಲಪ್ಪಾ, ಇದು ಅವರದೇ ಅಂತ ನಿಮಗೆ ಹೇಗೆ ಗೊತ್ತು?” ಎಂದರು.

“ಅವರ ಪುಟದಿಂದಲೇ ಬಂತು ಸಾರ್” ಎಂದನು ಗೆಳೆಯ.

“ಪುಸ್ತಕದ ಅಂಗಡಿಯವನು ಬಿಲ್ಲನ್ನೂ ತಂದು, ಆ ಬಿಲ್ಲು ಸರಿ ಅಂತ ತಾನೇ ಬರೆದ ಚೀಟಿಯನ್ನೂ ತಂದರೆ ನಾನು ಪಾಸು ಮಾಡುತ್ತೇನೇನು? ಬೇರೆ ಯಾರನ್ನಾದರೂ ಕೇಳಿ.”

ನನಗೆ ಆ ಪ್ರಶ್ನೆ ಬಹಳ ಹಿಡಿಸಿತು. ಕೇಳುವುದಾದರೂ ಯಾರನ್ನು? ಪಕ್ಕದ ಜಿಲ್ಲೆಯ ಕಾಲೇಜೊಂದರಲ್ಲಿ ಕೋಹಾ ಮೊದಲಿಂದಲೂ ನಡೆಯುತ್ತಿದೆ. ಅಲ್ಲಿನ ಗ್ರಂಥಪಾಲಕರು ನಮ್ಮವರ ಸಹಪಾಠಿ. ದೂರವಾಣಿಯಲ್ಲಿ ಅವರನ್ನು ಹಿಡಿದು, ಅವರ ಯಂತ್ರದಲ್ಲಿರುವ ಕೀಲಿಕೈಯ ಬೆರಳಚ್ಚನ್ನು ಓದಿಹೇಳಲು ಕೇಳಿಕೊಂಡೆವು. ಬೆರಳಚ್ಚು ಎಂದರೆ ಕೀಲಿಕೈಯ ಸಂಕ್ಷಿಪ್ತ ಗುರುತು, 40 ಅಕ್ಷರಗಳು: ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು, ಇಂಗ್ಲಿಷಿನ ಎ ಯಿಂದ ಎಫ್ ವರೆಗಿನ ಅಕ್ಷರಗಳು. ದೂರವಾಣಿಯಲ್ಲಿ ಬಿ, ಡಿ, ಇ ಮೂರೂ ಒಂದೇ ಸಮ ಕೇಳುತ್ತವೆ. ಆದ್ದರಿಂದ ಬಳ್ಳಾರಿಯ ಬಿ, ದಾವಣಗೆರೆಯ ಡಿ ಎಂದು ಊರಿನ ಹೆಸರು ಹಿಡಿದೆವು. ಎ ಅಥಣಿಯಾಯಿತು, ಸಿ ಚಿತ್ರದುರ್ಗವಾಯಿತು. ಇ ಅಕ್ಷರಕ್ಕೂ ಎಫ್ ಅಕ್ಷರಕ್ಕೂ ಊರು ಹುಡುಕಲು ಬೆಂಗಳೂರಿಗೇ ಹೋಗಬೇಕಾಯಿತು: ಎಲೆಕ್ಟ್ರಾನಿಕ್ ಸಿಟಿ, ಫ್ರೇಜರ್ ಟೌನ್. ನಲವತ್ತೂ ತಾಳೆಯಾದವು. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಿತು. ಅವರ ಪ್ರತಿ ಬೇರೊಂದು ಊರಿನಲ್ಲಿ, ಬೇರೊಂದು ಕಾಲದಲ್ಲಿ, ಬೇರೊಂದು ದಾರಿಯಿಂದ ಬಂದದ್ದು. ಎರಡೂ ದಾರಿಗಳಲ್ಲಿ ಒಬ್ಬನೇ ಕಳ್ಳ ಕಾದು ಕುಳಿತಿರುವ ಸಂಭವ ಬಹು ಕಡಮೆ. ಈ ಪದ್ಧತಿಯೂ ಶಾಸನತಜ್ಞರದೇ ಅಲ್ಲವೆ? ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಅವರೂ, ಹಾಗಲ್ಲವೆಂದು ರೈಸ್ ಅವರೂ ವರ್ಷಗಟ್ಟಲೆ ವಾದಿಸಿದಾಗ, ಇಬ್ಬರೂ ತಾಮ್ರಪಟವು ತನ್ನ ವಿಚಾರದಲ್ಲಿ ತಾನೇ ಹೇಳಿಕೊಂಡ ಮಾತನ್ನಷ್ಟೇ ನೆಚ್ಚಲಿಲ್ಲ. ಬೇರೆ ಶಾಸನಗಳ ಲಿಪಿ, ತಿಥಿ, ವಂಶಾವಳಿಗಳ ಪಕ್ಕದಲ್ಲಿಟ್ಟು ನೋಡಿದರು.

ಇಷ್ಟಕ್ಕೆ ಇಷ್ಟೊಂದು ಸಂಭ್ರಮವೇಕೆ, ಗ್ರಂಥಾಲಯದಲ್ಲಿ ಕದಿಯುವುದಕ್ಕೆ ಏನಿದೆ ಎಂದು ಒಬ್ಬ ಮಿತ್ರರು ನಕ್ಕರು. ಪುಸ್ತಕಗಳಲ್ಲದೆ ಅಲ್ಲಿ ನಮ್ಮೆಲ್ಲರ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಹುಟ್ಟಿದ ದಿನ ಇವೆಲ್ಲ ಇವೆ. ಯಾರು ಯಾವ ಪುಸ್ತಕ ಓದಿದರೆಂಬುದೂ ಇದೆ. ವಿದ್ಯಾರ್ಥಿನಿಯರ ವಿಳಾಸಗಳು ಯಾರ ಕೈಗೆ ಹೋದರೇನು ಎಂದು ಕೇಳುವವರು ತಮ್ಮ ತಂಗಿಯರನ್ನು ಒಮ್ಮೆ ನೆನೆಯಲಿ. ಬೀದಿಯ ಆಚೆಯ ಆಸ್ಪತ್ರೆಯಲ್ಲಿ, ತಾಲೂಕು ಕಚೇರಿಯಲ್ಲಿ ಇರುವ ಸರ್ವರುಗಳಿಗೂ ಇಂಥದೇ ಹಾಳೆಗಳನ್ನು ಹಿಡಿದವರೇ ಸಾಫ್ಟ್‌ವೇರು ಹಾಕಿದ್ದರೆ ಎಂಬ ಯೋಚನೆ ನನಗೆ ಆ ರಾತ್ರಿ ಬಂದದ್ದುಂಟು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಸಹಿಯು ಕಳುಹಿಸಿದವನು ಯಾರೆಂದು ಹೇಳೀತು. ಅವನು ಒಳ್ಳೆಯವನೆಂದು ಹೇಳಲಾರದು. 2024ರ ಮಾರ್ಚಿಯಲ್ಲಿ ಬಯಲಾದ ಎಕ್ಸ್‌ಜೆಡ್ ಪ್ರಕರಣವೇ ಸಾಕ್ಷಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಸೌಜನ್ಯದಿಂದ ದುಡಿದು ನಂಬಿಕೆ ಗಳಿಸಿದವನೊಬ್ಬನು ಆ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲನ್ನು ಇರಿಸಿ, ಅಧಿಕಾರಯುತವಾಗಿಯೇ ಬಿಡುಗಡೆ ಮಾಡಿದನು. ಸಹಿಯಲ್ಲಿ ಯಾವ ಲೋಪವೂ ಇರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬವರು ತಮ್ಮ ಯಂತ್ರದೊಳಗೆ ಪ್ರವೇಶಿಸುವುದಕ್ಕೆ ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿದೆಯೆಂದು ಬೆನ್ನುಹತ್ತಿದ್ದರಿಂದ ಅದು ಸಿಕ್ಕಿಬಿದ್ದಿತು. 2008ರ ಆಗಸ್ಟಿನಲ್ಲಿ ರೆಡ್ ಹ್ಯಾಟ್ ಸಂಸ್ಥೆಗೆ ನುಗ್ಗಿದವರು ಅಲ್ಲಿನ ಸಹಿಯ ಏರ್ಪಾಡಿನಿಂದಲೇ ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜುಗಳು ಕೆಲವಕ್ಕೆ ಸಹಿ ಹಾಕಿಸಿಕೊಂಡದ್ದೂ ಉಂಟು. ಆ ಬಳಿಕ ಫೆಡೋರಾದವರು ತಮ್ಮ ಕೀಲಿಕೈಗಳನ್ನೇ ಬದಲಾಯಿಸಿದರು. ಇವೆಲ್ಲ ನಿಜ. ಆದರೆ ಒಳಗಿನವನೇ ದ್ರೋಹ ಬಗೆಯಬಹುದೆಂಬ ಕಾರಣಕ್ಕೆ ಬೀದಿಯ ಬಾಗಿಲನ್ನು ತೆರೆದಿಟ್ಟು ಮಲಗುವವರನ್ನು ನಾನು ಕಂಡಿಲ್ಲ.

“ಯಾರೂ ಹೋಲಿಸಿ ನೋಡುವುದಿಲ್ಲ, ನೀವೊಬ್ಬರು ನೋಡಿ ಏನು ಪ್ರಯೋಜನ?” ಎಂಬ ಮಾತನ್ನಂತೂ ನಾನು ಒಪ್ಪಲಾರೆ. 2021ರಲ್ಲಿ ಕೋಡ್‌ಕವ್ ಎಂಬ ಸಂಸ್ಥೆಯ ಒಂದು ಸಾಧನವನ್ನು ಯಾರೋ ಜನವರಿ 31ರಿಂದ ತಿದ್ದಿಟ್ಟಿದ್ದರು; ಬಳಸಿದವರ ಗುಟ್ಟುಗಳೆಲ್ಲ ಕಳ್ಳರ ಯಂತ್ರಕ್ಕೆ ಹರಿಯುತ್ತಿದ್ದವು. ಎರಡು ತಿಂಗಳು ಯಾರಿಗೂ ತಿಳಿಯಲಿಲ್ಲ. ಏಪ್ರಿಲ್ 1ರಂದು ಒಬ್ಬ ಗಿರಾಕಿಯು, ತಾನು ತಂದ ಪ್ರತಿಯ ಅಚ್ಚನ್ನು ಬೇರೆಡೆ ಪ್ರಕಟವಾಗಿದ್ದ ಅಚ್ಚಿನೊಡನೆ ತಾಳೆ ನೋಡಿ, ಎರಡೂ ಸೇರುವುದಿಲ್ಲವೆಂದು ತಿಳಿಸಿದನು. ಅಷ್ಟರಿಂದ ಎಲ್ಲವೂ ಹೊರಬಿದ್ದಿತು. ಎಲ್ಲರೂ ನೋಡಬೇಕಾಗಿರಲಿಲ್ಲ, ಒಬ್ಬನು ನೋಡಿದ್ದು ಎಲ್ಲರಿಗೂ ಒದಗಿತು.

ಕೀಲಿಕೈಗೆ ಅವಧಿಯೊಂದಿರುತ್ತದೆಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅನಾಹುತದ ಬಾಗಿಲು ಹೆಚ್ಚಾಗಿ ತೆರೆಯುವುದು ಅವಧಿ ತೀರಿದ ದಿನ. ಅವಧಿಯಿರುವುದು ಒಳ್ಳೆಯದೇ, ಕಳುವಾದ ಕೀಲಿಕೈ ಎಂದೆಂದಿಗೂ ಸಲ್ಲಬಾರದಷ್ಟೆ. ಆದರೆ ತೀರಿದ ದಿನ ಯಂತ್ರವು ಮುನಿದು ಕೂರುತ್ತದೆ, ಹೊಸ ಪ್ಯಾಕೇಜು ತರುವುದಿಲ್ಲ. ಜೆಂಕಿನ್ಸಿನವರು 2023ರ ಮಾರ್ಚಿಯಲ್ಲಿ ಕೀಲಿಕೈ ಬದಲಾಯಿಸಿದರು. ಅದೇ ವರ್ಷ ಕುಬರ್ನೆಟೀಸಿನವರು ಉಗ್ರಾಣವನ್ನೇ ಬೇರೆಡೆಗೆ ಸಾಗಿಸಿ, 2024ರ ಮಾರ್ಚಿಯಲ್ಲಿ ಹಳೆಯದನ್ನು ತೆಗೆದುಹಾಕಿದರು. ಹೊಸ ಉಗ್ರಾಣಕ್ಕೆ ಹೊಸ ಕೀಲಿಕೈ. ಮುಂಚಿತವಾಗಿ ಪ್ರಕಟಣೆ ಕೊಟ್ಟಿದ್ದರು, ಅವರ ತಪ್ಪೇನೂ ಇಲ್ಲ. ಆದರೆ ಪ್ರಕಟಣೆ ಓದದವನು ಏನು ಮಾಡುತ್ತಾನೆ? ಕೆಂಪು ಅಕ್ಷರದ ದೂರನ್ನು ಹಾಗೆಯೇ ಎತ್ತಿ ಹುಡುಕುಪುಟದಲ್ಲಿ ಹಾಕುತ್ತಾನೆ. ಮೊದಲು ಯಾರ ಉತ್ತರ ಸಿಕ್ಕಿತೋ ಅವರು ಹೇಳಿದ ಕೀಲಿಕೈಯನ್ನು ತರುತ್ತಾನೆ. ಮೊದಲ ದಿನ ಎಷ್ಟೇ ಎಚ್ಚರವಿದ್ದರೂ ಆ ದಿನ ಎಲ್ಲ ನೀರಿನಲ್ಲಿ ಹೋಯಿತು.

ಮಾಡಬೇಕಾದ್ದೇನು? ಉಗ್ರಾಣ ನಡೆಸುವವರು ಬೆರಳಚ್ಚನ್ನು ಪೂರ್ತಿಯಾಗಿ, ಹೋಲಿಸಿ ನೋಡಿರೆಂಬ ಮಾತಿನ ಸಮೇತ ಬರೆಯಬೇಕು. ನಿಜವಾಗಿ ಉಪಯೋಗವಾಗಬೇಕಾದರೆ ತಮ್ಮದಲ್ಲದ ಇನ್ನೊಂದು ಜಾಗದಲ್ಲಿಯೂ ಬರೆಯಬೇಕು. ಎಂಜಿನೆಕ್ಸಿನವರ ಸೂಚನೆಯಲ್ಲಿ ಹೋಲಿಸುವ ಈ ಹಂತವಿದೆ. ಅನೇಕರು ಓದುಗನಿಗೆ ಬೇಸರವಾದೀತೆಂದು ಬಿಟ್ಟಿದ್ದಾರೆ. ಫೆಡೋರಾದ ಬಳಗದ ವ್ಯವಸ್ಥೆಗಳಲ್ಲಿ ಹೊಸ ಕೀಲಿಕೈ ಬಂದಾಗ ಯಂತ್ರವೇ ಬೆರಳಚ್ಚನ್ನು ತೋರಿಸಿ ಒಪ್ಪಿಗೆಯೇ ಎಂದು ಕೇಳುತ್ತದೆ; ನಾವಾದರೋ ಪ್ರಶ್ನೆ ಬರುವ ಮೊದಲೇ ‘ಎಲ್ಲಕ್ಕೂ ಹೌದು’ ಎಂದು ಆಜ್ಞೆಯಲ್ಲಿ ಸೇರಿಸಿಬಿಟ್ಟಿರುತ್ತೇವೆ. ಡೆಬಿಯನ್ನಿನಲ್ಲಿ ‘ಎಕ್ಸ್‌ಟ್ರೆಪೊ’ ಎಂಬ ಸಾಧನವೊಂದಿದೆ. ಹೊರಗಿನ ಉಗ್ರಾಣಗಳ ವಿವರವನ್ನೂ ಕೀಲಿಕೈಯನ್ನೂ ಸಹಿಯುಳ್ಳ ಒಂದು ಪಟ್ಟಿಯ ಮೂಲಕ ಅದು ತಂದುಕೊಡುತ್ತದೆ. ಅಂದರೆ ಹೋದ ಷಡ್ಡಕರು ಒಂದು ಬಗೆಯಲ್ಲಿ ಹಿಂದಿರುಗಿದಂತೆ. ಪಟ್ಟಿಯಲ್ಲಿ ಇಲ್ಲದವರೂ ಬಹಳ ಮಂದಿ ಇದ್ದಾರೆ, ಅದು ಬೇರೆ ಮಾತು.

ಕಾಲೇಜಿನ ಮಟ್ಟಿಗೆ ನನ್ನ ಬಿನ್ನಹ ಇನ್ನೂ ಸರಳವಾದುದು. ಗ್ರಂಥಾಲಯದಲ್ಲಿ ಹೊಸ ಪುಸ್ತಕ ಬಂದಾಗ ದಾಖಲೆ ರಿಜಿಸ್ಟರಿನಲ್ಲಿ ಬರೆಯುವಂತೆ ಕೀಲಿಕೈಗೂ ಒಂದು ರಿಜಿಸ್ಟರು ಇರಲಿ. ಯಾವ ಉಗ್ರಾಣ, ಯಾವ ದಿನ ತಂದದ್ದು, ಬೆರಳಚ್ಚಿನ ನಲವತ್ತೂ ಅಕ್ಷರ, ಯಾರೊಡನೆ ತಾಳೆ ನೋಡಿದ್ದು, ಅವಧಿ ಯಾವಾಗ ತೀರುವುದು, ಕೊನೆಗೆ ಇಬ್ಬರ ರುಜು. ಮಸಿಯಲ್ಲಿ ಬರೆದದ್ದನ್ನು ಅಂತರಜಾಲದಿಂದ ಯಾರೂ ತಿದ್ದಲಾರರು. ನಮ್ಮನ್ನು ಕೇಳುವ ಮುಂದಿನ ಕಾಲೇಜಿಗೆ ನಾವೂ ದೂರವಾಣಿಯಲ್ಲಿ ಓದಿಹೇಳಬಹುದು. ನಮ್ಮ ಗ್ರಂಥಪಾಲಕರು ಆಗಲೇ ಒಂದು ಉದ್ದ ನೋಟುಪುಸ್ತಕಕ್ಕೆ ಗೆರೆ ಹಾಕಿ ಮೊದಲ ಸಾಲು ಬರೆದಿದ್ದಾರೆ. ಎರಡನೆಯ ಸಾಲು ಖಾಲಿ ಇದೆ. ಬೇಸಿಗೆ ರಜೆಯಲ್ಲಿ ಪರೀಕ್ಷಾ ವಿಭಾಗದ ಯಂತ್ರಕ್ಕೆ ಹೊಸದಾಗಿ ಸಾಫ್ಟ್‌ವೇರು ಹಾಕುವರೆಂದು ಕೇಳಿದ್ದೇನೆ. ನಮ್ಮ ಅಂಕಗಳೆಲ್ಲ ಅದರಲ್ಲಿಯೇ ಇರತಕ್ಕವು. ನಾವು ಅಂತಿಮ ವರ್ಷದವರು ಅಷ್ಟರೊಳಗೆ ಊರು ಬಿಟ್ಟಿರುತ್ತೇವೆ. ಆ ದಿನ ಪಕ್ಕದಲ್ಲಿ ಕುಳಿತು ನಲವತ್ತು ಅಕ್ಷರ ಓದಲು ಮನಸ್ಸುಳ್ಳ ಎರಡನೆಯ ವರ್ಷದ ಮಿತ್ರರು ಗ್ರಂಥಪಾಲಕರಲ್ಲಿ ಹೆಸರು ಕೊಡಬಹುದು.